ಹಳೆಯ ಗಾಡಿಗೆ ಬೇರೆ ಎಂಜಿನ್ : ಕಾಯ್ದೆಯ ಮಿತಿ ಎಲ್ಲಿಯವರೆಗೆ?



ಅಡಿಕೆ ಕೊಯ್ಲು ಸಮೀಪಿಸಿದ ಹಾಗೆ ತೋಟದ ಗಾಡಿಗಳ ರಿಪೇರಿಯ ಮಾತೂ ಏಳುತ್ತದೆ. ಸಂಘದ ಕಚೇರಿಗೆ ಬರುವ ಸದಸ್ಯರು ಮೇಲಿಂದ ಮೇಲೆ ಕೇಳುವ ಪ್ರಶ್ನೆ ಒಂದೇ : "ಜೀಪಿನ ಎಂಜಿನ್ ಕೈಕೊಟ್ಟಿದೆ. ಹುಬ್ಬಳ್ಳಿಯ ಗುಜರಿಯಲ್ಲಿ ಚಲೋ ಎಂಜಿನ್ ಒಂದು ಸಿಕ್ಕಿದೆ. ಕೂಡಿಸಿಬಿಡಲೆ?" ಮಿಸ್ತ್ರಿ "ಏನೂ ಆಗೂದಿಲ್ರಿ" ಎಂದು ಧೈರ್ಯ ಹೇಳಿರುತ್ತಾನೆ. ಅವನ ಕೆಲಸ ಗಾಡಿ ಓಡುವಂತೆ ಮಾಡುವುದು. ಆದರೆ ಆ ಗಾಡಿ ತಡಸ ಕ್ರಾಸಿನಲ್ಲಿ ಪುಣೆ-ಬೆಂಗಳೂರು ಹೆದ್ದಾರಿ ಏರಿದ ಮೇಲೆ ಅದರ ಹೊಣೆ ಮಿಸ್ತ್ರಿಯದಲ್ಲ, ಆರ್.ಸಿ.ಯಲ್ಲಿ ಹೆಸರಿರುವ ಮಾಲೀಕನದು. ಆದ್ದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿಸುವುದು ಅಗತ್ಯವೆನಿಸಿತು.

ಹಿಂದೆ ನಡೆಯುತ್ತಿತ್ತು, ಈಗೇಕೆ ಇಲ್ಲ?

ಹಿರಿಯ ಸದಸ್ಯರು ಕೇಳುವ ಮಾತು ನ್ಯಾಯವಾದದ್ದೇ. ಮಲೆನಾಡಿನಲ್ಲಿಯೂ ನಮ್ಮ ಅರೆಮಲೆನಾಡಿನಲ್ಲಿಯೂ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಹಾಕಿಸುವುದು ಒಂದು ಕಾಲದಲ್ಲಿ ಸಾಮಾನ್ಯವಾಗಿತ್ತು. ಅಂಬಾಸಡರ್ ಕಾರಿಗೆ ಮೆಟಡಾರ್ ಗಾಡಿಯ ಡೀಸೆಲ್ ಎಂಜಿನ್ ಕೂಡಿಸಿದವರೂ ಇದ್ದರು. ಪೆಟ್ರೋಲಿಗೂ ಡೀಸೆಲಿಗೂ ದರದಲ್ಲಿ ಬಹಳ ಅಂತರವಿದ್ದ ಕಾಲ ಅದು. ಮಹೀಂದ್ರಾ ಕಂಪನಿ ತಾನೇ ಇಂಟರ್‌ನ್ಯಾಷನಲ್ ಟ್ರ್ಯಾಕ್ಟರಿನ ಮೂಲದ ಡೀಸೆಲ್ ಎಂಜಿನ್ನನ್ನು ಜೀಪುಗಳಿಗೆ ಅಳವಡಿಸಿ ಮಾರಿತು.

ಆಗಿನ ಕಾಯ್ದೆಯೂ ಇದಕ್ಕೆ ಅಡ್ಡ ಬರುತ್ತಿರಲಿಲ್ಲ. 1939ರ ಮೋಟಾರು ವಾಹನ ಕಾಯ್ದೆಯಲ್ಲಿ, ನೋಂದಣಿ ಅಧಿಕಾರಿಗೆ ತಿಳಿಸಿ ಅವರ ಒಪ್ಪಿಗೆ ಪಡೆದು ಗಾಡಿಯನ್ನು ಮಾರ್ಪಡಿಸಬಹುದಿತ್ತು. ಅಧಿಕಾರಿ ಒಪ್ಪಿ ಆರ್.ಸಿ. ಪುಸ್ತಕದಲ್ಲಿ ಬರೆದರೆ ಮುಗಿಯಿತು. 1988ರ ಕಾಯ್ದೆ ಬಂದಾಗಲೂ ಮೊದಲು ಇದೇ ಕ್ರಮ ಮುಂದುವರಿಯಿತು. ಪೂರ್ತಿ ಬದಲಾದದ್ದು 2000ದ ತಿದ್ದುಪಡಿಯಿಂದ. ಆ ಕಾಯ್ದೆಯ 52ನೆಯ ಕಲಮು ಈಗ ಹೇಳುವುದು ಇಷ್ಟು : ತಯಾರಕರು ಮೂಲದಲ್ಲಿ ನಿಗದಿಪಡಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ಯಾವ ಮಾಲೀಕನೂ ತನ್ನ ವಾಹನವನ್ನು ಮಾರ್ಪಡಿಸಕೂಡದು.

ಈ ಒಂದು ವಾಕ್ಯದ ತೂಕ ಗಮನಿಸಬೇಕು. ಹಿಂದೆ ಪ್ರಶ್ನೆ "ಅಧಿಕಾರಿ ಒಪ್ಪಿದರೆ?" ಎಂಬುದಾಗಿತ್ತು. ಈಗ ಪ್ರಶ್ನೆ "ತಯಾರಕರು ಈ ಗಾಡಿಯನ್ನು ಹೀಗೆ ಮಾಡಿದ್ದರೆ?" ಎಂಬುದು. ಕೇರಳದಿಂದ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಖಚಿತಪಡಿಸಿತು. ರಾಜ್ಯದ ನಿಯಮವಿರಲಿ, ಸುತ್ತೋಲೆಯಿರಲಿ, ಅದನ್ನು 52ನೆಯ ಕಲಮಿಗೆ ಒಳಪಟ್ಟೇ ಓದತಕ್ಕದ್ದು ಎಂಬುದು ಆ ತೀರ್ಪಿನ ಸಾರ. ಹಾಗಾಗಿ "ಆ ಆಫೀಸಿನಲ್ಲಿ ಮಾಡಿಕೊಡುತ್ತಾರೆ" ಎಂಬ ಮಾತನ್ನು ನಂಬಿ ಹಣ ಹಾಕುವುದು ಜಾಣತನವಲ್ಲ.

ಹಳೆಯ ಕಾಲದಲ್ಲಿ ಕ್ರಮವಾಗಿ ಒಪ್ಪಿಗೆ ಪಡೆದು, ಆರ್.ಸಿ.ಯಲ್ಲಿ ಡೀಸೆಲ್ ಎಂದೂ ಹೊಸ ಎಂಜಿನ್ ನಂಬರನ್ನೂ ಬರೆಸಿಕೊಂಡವರ ಸ್ಥಿತಿ ಬೇರೆ. ಅಂಥವರು ಆ ಪುಸ್ತಕವನ್ನೂ ಅಂದಿನ ಪತ್ರಗಳನ್ನೂ ಜೋಪಾನವಾಗಿ ಇಟ್ಟುಕೊಳ್ಳಬೇಕು. ಅದೇ ಅವರ ಆಧಾರ.

ಹೊಗೆಯ ನಿಯಮ ಎಲ್ಲಿ ಸೇರುತ್ತದೆ?

ಎಂಜಿನ್ ಎಂದರೆ ಬರೀ ಅಶ್ವಶಕ್ತಿಯಲ್ಲ, ಅದು ಬಿಡುವ ಹೊಗೆಯ ಲೆಕ್ಕವೂ ಹೌದು. ನಮ್ಮ ದೇಶದಲ್ಲಿ ಹೊಸ ಗಾಡಿಗಳ ಹೊಗೆಗೆ ಮಿತಿ ಹಾಕಿದ್ದು ಪೆಟ್ರೋಲಿಗೆ 1991ರಲ್ಲಿ, ಡೀಸೆಲಿಗೆ 1992ರಲ್ಲಿ. ಮುಂದೆ ಭಾರತ್ ಸ್ಟೇಜ್ ಎಂಬ ಹಂತಗಳು ಬಂದವು. ಮೊದಲು ದೊಡ್ಡ ನಗರಗಳಿಗೆ, ಆಮೇಲೆ ನಮ್ಮಂಥ ಊರುಗಳಿಗೆ. ದೇಶಕ್ಕೆಲ್ಲ ಬಿ.ಎಸ್. 3 ಬಂದದ್ದು 2010ರಲ್ಲಿ, ಬಿ.ಎಸ್. 4 ಬಂದದ್ದು 2017ರ ಏಪ್ರಿಲ್ 1ರಂದು. 5ನೆಯ ಹಂತವನ್ನು ಬಿಟ್ಟು ನೇರವಾಗಿ ಬಿ.ಎಸ್. 6 ಬಂದದ್ದು 2020ರ ಏಪ್ರಿಲ್ 1ರಂದು.

ಹಂತದಿಂದ ಹಂತಕ್ಕೆ ವ್ಯತ್ಯಾಸ ಸಣ್ಣದಲ್ಲ. ಬಿ.ಎಸ್. 4ರ ಡೀಸೆಲ್ ಕಾರು ಕಿಲೋಮೀಟರಿಗೆ 25 ಮಿಲಿಗ್ರಾಂ ಮಸಿಕಣ ಬಿಡಬಹುದಿತ್ತು. ಬಿ.ಎಸ್. 6ರಲ್ಲಿ ಅದು 4.5 ಮಿಲಿಗ್ರಾಂ. ಡೀಸೆಲಿನೊಳಗಿನ ಗಂಧಕವೂ ಹತ್ತು ಲಕ್ಷದಲ್ಲಿ 350 ಭಾಗದಿಂದ 50ಕ್ಕೆ, ಅಲ್ಲಿಂದ 10ಕ್ಕೆ ಇಳಿಯಿತು. ಇದನ್ನು ಸಾಧಿಸಲು ಎಂಜಿನ್ನಿನ ಜೊತೆಗೆ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಜಾಲರಿ, ಸೆನ್ಸರುಗಳು, ಕಂಪ್ಯೂಟರ್ ಪೆಟ್ಟಿಗೆ ಎಲ್ಲ ಬಂದವು. ಗುಜರಿಯಲ್ಲಿ ಎಂಜಿನ್ ಮಾತ್ರ ತಂದರೆ ಅರ್ಧ ಯಂತ್ರ ಮಾತ್ರ ಬಂದ ಹಾಗೆ. ಉಳಿದರ್ಧವಿಲ್ಲದೆ ಅದು ತನ್ನ ಹಂತದ ಮಿತಿಯೊಳಗೆ ನಿಲ್ಲದು.

ಆದ್ದರಿಂದ ಒಂದೇ ಹೆಸರಿನ ಗಾಡಿಯೆಂದ ಮಾತ್ರಕ್ಕೆ ಎಂಜಿನ್ ಒಂದೇ ಎಂದು ತಿಳಿಯಬಾರದು. ನಮ್ಮ ಕಡೆ ಮನೆಮನೆಗೂ ಪರಿಚಿತವಾದ ಬೊಲೆರೊವನ್ನೇ ನೋಡಿ. ಹಳೆಯದರಲ್ಲಿ 2523 ಸಿ.ಸಿ.ಯ ಡಿ.ಐ. ಎಂಜಿನ್. 2016ರಲ್ಲಿ ಬಂದ ಪವರ್ ಪ್ಲಸ್ ಮಾದರಿಯಲ್ಲಿ 1493 ಸಿ.ಸಿ.ಯ ಮೂರು ಸಿಲಿಂಡರ್ ಎಂಜಿನ್. 2020ರಲ್ಲಿ ಅದೇ ಅಳತೆಯ ಎಂಜಿನ್ ಬಿ.ಎಸ್. 6 ಆಗಿ ಬಂತು. ಬಾನೆಟ್ಟಿನ ಮೇಲಿನ ಹೆಸರು ಒಂದೇ, ಒಳಗಿನದು ಬೇರೆ ಬೇರೆ. ಹೊಸ ಗಾಡಿಗೆ ಹಳೆಯ ಹಂತದ ಎಂಜಿನ್ ಕೂಡಿಸಿದರೆ ಅದು "ಅದೇ ಮಾದರಿ" ಎನಿಸದು.

ಹೊಗೆ ತಪಾಸಣೆಯ ಚೀಟಿ ಇದ್ದರೆ ಸಾಲದೆ?

ಸಾಲದು. ಬಹಳ ಜನ ಎಡವುವುದು ಇಲ್ಲಿಯೇ.

ಪೆಟ್ರೋಲ್ ಬಂಕಿನ ಬದಿಯ ತಪಾಸಣಾ ಕೇಂದ್ರದಲ್ಲಿ ಅಳೆಯುವುದು ಆ ಹೊತ್ತಿನ ಹೊಗೆಯನ್ನು ಮಾತ್ರ. ಡೀಸೆಲ್ ಗಾಡಿಯಾದರೆ ನಿಂತಲ್ಲಿಯೇ ಆಕ್ಸಲರೇಟರ್ ಒತ್ತಿಸಿ ಹೊಗೆಯ ದಟ್ಟಣೆ ನೋಡುತ್ತಾರೆ. ಬಿ.ಎಸ್. 4ಕ್ಕಿಂತ ಹಿಂದಿನ ಗಾಡಿಗೆ 65 ಹಾರ್ಟ್ರಿಜ್ ಮಾನ, ಬಿ.ಎಸ್. 4ರ ಗಾಡಿಗೆ 50 ಮಿತಿ. ಪೆಟ್ರೋಲ್ ಕಾರಾದರೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ನೋಡುತ್ತಾರೆ. ಬಿ.ಎಸ್. 2ಕ್ಕಿಂತ ಹಿಂದಿನದಕ್ಕೆ ಶೇಕಡಾ 3, ಬಿ.ಎಸ್. 2 ಮತ್ತು 3ಕ್ಕೆ ಶೇಕಡಾ 0.5, ಬಿ.ಎಸ್. 4ಕ್ಕೆ ಶೇಕಡಾ 0.3. ಹೊಸ ಗಾಡಿಗೆ ಮೊದಲ ಒಂದು ವರ್ಷ ಈ ಚೀಟಿ ಬೇಡ. ಅನಂತರ ಬಿ.ಎಸ್. 4 ಮತ್ತು 6ರ ಗಾಡಿಗಳಿಗೆ ವರ್ಷಕ್ಕೊಮ್ಮೆ, ಅದಕ್ಕೂ ಹಳೆಯವಕ್ಕೆ ಆರು ತಿಂಗಳಿಗೊಮ್ಮೆ ಮಾಡಿಸತಕ್ಕದ್ದು.

ಚೆನ್ನಾಗಿ ಟ್ಯೂನ್ ಮಾಡಿದ ಯಾವ ಎಂಜಿನ್ನೂ ಈ ಪರೀಕ್ಷೆಯಲ್ಲಿ ಪಾಸಾಗಬಹುದು. ಅಷ್ಟರಿಂದ ಆ ಎಂಜಿನ್ ಆ ಗಾಡಿಗೆ ಸೇರಿದ್ದೆಂದು ಆಗುವುದಿಲ್ಲ. ಅಲ್ಲದೆ ಈಗ ತಪಾಸಣೆಯ ವಿವರ ನೇರವಾಗಿ ವಾಹನ್ ಎಂಬ ಕೇಂದ್ರ ದಾಖಲೆಗೆ ಸೇರುತ್ತದೆ. ದಾಖಲೆಯಲ್ಲಿ ಪೆಟ್ರೋಲ್ ಎಂದಿದ್ದು, ಬಾನೆಟ್ಟಿನೊಳಗೆ ಡೀಸೆಲ್ ಇದ್ದರೆ ಚೀಟಿ ಪಡೆಯುವಲ್ಲಿಯೇ ತೊಡಕು ಏಳುತ್ತದೆ.

ಕಾಯ್ದೆ ಒಪ್ಪುವ ದಾರಿಗಳು

ಒಂದು : ಇದ್ದ ಎಂಜಿನ್ನನ್ನೇ ಹೊಸದು ಮಾಡಿಸುವುದು. ಬೋರಿಂಗ್, ಸ್ಲೀವು, ಪಿಸ್ಟನ್, ಕ್ರ್ಯಾಂಕ್ ಗ್ರೈಂಡಿಂಗ್ ಏನು ಮಾಡಿಸಿದರೂ ಬ್ಲಾಕು ಅದೇ, ಅದರ ಮೇಲಿನ ನಂಬರೂ ಅದೇ. ಇದು ರಿಪೇರಿಯೇ ಹೊರತು ಮಾರ್ಪಾಡಲ್ಲ. ಯಾವ ಅರ್ಜಿಯೂ ಬೇಡ. ಸಣ್ಣ ಹಿಡುವಳಿಯವರಿಗೆ ನನ್ನ ಸಲಹೆ ಮೊದಲು ಇದೇ. ಖರ್ಚು ನಾಲ್ಕು ಕಾಸು ಹೆಚ್ಚು ಬಿದ್ದರೂ ಕಾಗದದ ತೊಡಕಿಲ್ಲ.

ಎರಡು : ಅದೇ ತಯಾರಕರ, ಅದೇ ಮಾದರಿಯ, ಅದೇ ಇಂಧನದ, ಅದೇ ಬಿ.ಎಸ್. ಹಂತದ ಎಂಜಿನ್ ಹಾಕುವುದು. ಬ್ಲಾಕು ಸೀಳಿ ಉಪಯೋಗಕ್ಕೆ ಬಾರದಾದಾಗ ಇದು ಅನಿವಾರ್ಯ. ಇಲ್ಲಿ ಬದಲಾಗುವುದು ನಂಬರು ಮಾತ್ರ. ಆದರೂ ಆ ನಂಬರು ಆರ್.ಸಿ.ಗೆ ಸೇರಲೇಬೇಕು.

ಮೂರು : ಇಂಧನ ಬದಲಾವಣೆ. ಸಿ.ಎನ್.ಜಿ., ಎಲ್.ಪಿ.ಜಿ., ಬ್ಯಾಟರಿ ಇವುಗಳಿಗೆ ಬದಲಾಯಿಸಲು 52ನೆಯ ಕಲಮೇ ಅವಕಾಶ ಕೊಟ್ಟಿದೆ. ಆದರೆ ಪುಣೆಯ ಎ.ಆರ್.ಎ.ಐ. ಮುಂತಾದ ಅಧಿಕೃತ ಸಂಸ್ಥೆಗಳಿಂದ ನಿಮ್ಮ ಮಾದರಿಯ ಗಾಡಿಗೆಂದೇ ಅನುಮೋದನೆ ಪಡೆದ ಕಿಟ್ ಆಗಿರಬೇಕು, ಅಧಿಕೃತ ಕೇಂದ್ರದಲ್ಲಿಯೇ ಕೂಡಿಸಬೇಕು. 2022ರ ಆಗಸ್ಟಿನಲ್ಲಿ ಕೇಂದ್ರ ಸರಕಾರ ಬಿ.ಎಸ್. 6ರ ಪೆಟ್ರೋಲ್ ಗಾಡಿಗಳಿಗೂ ಈ ಅನಿಲ ಕಿಟ್ಟಿಗೆ ಅವಕಾಶ ನೀಡಿತು. ಮೂರೂವರೆ ಟನ್ನಿಗಿಂತ ಕಡಿಮೆ ತೂಕದ ಬಿ.ಎಸ್. 6 ಡೀಸೆಲ್ ಗಾಡಿಗಳ ಎಂಜಿನ್ ತೆಗೆದು ಅನಿಲ ಎಂಜಿನ್ ಹಾಕುವುದಕ್ಕೂ ಒಪ್ಪಿಗೆ ಕೊಟ್ಟಿತು.

ಈ ಮೂರರ ಹೊರಗಿನದು, ಅಂದರೆ ಪೆಟ್ರೋಲ್ ಜೀಪಿಗೆ ಗುಜರಿಯ ಡೀಸೆಲ್ ಎಂಜಿನ್, ಒಂದು ಕಂಪನಿಯ ಗಾಡಿಗೆ ಇನ್ನೊಂದು ಕಂಪನಿಯ ಎಂಜಿನ್, ಕಾಯ್ದೆಗೆ ಒಪ್ಪಿಗೆಯಲ್ಲ. ನೀರೆತ್ತುವ ಪಂಪ್‌ಸೆಟ್ಟಿನ ಎಂಜಿನ್ ಕೂಡಿಸಿ ತೋಟದೊಳಗೆ ಓಡಿಸುವ ಗಾಡಿಗಳ ಮಾತೂ ಅಷ್ಟೇ. ಆ ಎಂಜಿನ್ ವಾಹನಕ್ಕೆಂದು ಪರೀಕ್ಷೆಗೊಳಗಾದದ್ದಲ್ಲ. ಅಂಥ ಗಾಡಿ ಬೇಲಿ ದಾಟಿ ರಸ್ತೆಗೆ ಇಳಿಯಕೂಡದು. ಡೀಸೆಲ್ ದರ 2014ರ ಅಕ್ಟೋಬರಿನಲ್ಲಿ ನಿಯಂತ್ರಣದಿಂದ ಹೊರಬಿದ್ದ ಮೇಲೆ ಹಿಂದಿನಷ್ಟು ಉಳಿತಾಯವೂ ಇದರಲ್ಲಿ ಉಳಿದಿಲ್ಲ.

ಎಂಜಿನ್ ಬದಲಿಸುವವರು ಅನುಸರಿಸಬೇಕಾದ ಕ್ರಮ

1. ಮೊದಲು ಆರ್.ಸಿ. ತೆಗೆದು ಎಂಜಿನ್ ನಂಬರು, ಚಾಸಿ ನಂಬರು, ಇಂಧನ, ಸಿ.ಸಿ., ತಯಾರಾದ ತಿಂಗಳು ವರ್ಷ ಓದಿಕೊಳ್ಳಿ. ಹೊಸ ಕಾರ್ಡುಗಳಲ್ಲಿ ಹೊಗೆಯ ಹಂತವೂ ಅಚ್ಚಾಗಿರುತ್ತದೆ.

2. ಎಂಜಿನ್ ಕೊಳ್ಳುವ ಮೊದಲೇ ನೋಂದಣಿ ಕಚೇರಿಗೆ ಹೋಗಿ ವಿಚಾರಿಸಿ. ತಡಸ, ಹಾನಗಲ್ಲ, ಶಿಗ್ಗಾವಿ, ಸವಣೂರು ಕಡೆಯವರಿಗೆ ಹಾವೇರಿ. ಗಡಿಯಾಚೆ ಮುಂಡಗೋಡ ಕಡೆಯ ಸದಸ್ಯರಿಗೆ ಶಿರಸಿ.

3. ಬಿಲ್ಲಿಲ್ಲದ ಎಂಜಿನ್ ಬೇಡ. ಡೀಲರಿನಿಂದ ಹೊಸದಾದರೆ ನಂಬರು ನಮೂದಾದ ಬಿಲ್ಲು. ಹಳೆಯದಾದರೆ ಅದು ಯಾವ ಗಾಡಿಯದು, ಆ ಗಾಡಿಯ ಆರ್.ಸಿ. ರದ್ದಾಗಿದೆಯೆ ಎಂಬ ಪತ್ರ ಕೇಳಿ ಪಡೆಯಿರಿ. ಕದ್ದ ಗಾಡಿಯ ಎಂಜಿನ್ ನಿಮ್ಮ ಜೀಪಿನಲ್ಲಿ ಸಿಕ್ಕರೆ ಪೋಲೀಸರು ಮೊದಲು ಬರುವುದು ನಿಮ್ಮ ಮನೆಗೆ.

4. ಹಳೆಯ ನಂಬರನ್ನು ಹೊಸ ಬ್ಲಾಕಿನ ಮೇಲೆ ಹೊಡೆಸುವ ಕೆಲಸಕ್ಕೆ ಎಂದೂ ಕೈಹಾಕಬೇಡಿ. ಗ್ಯಾರೇಜಿನಲ್ಲಿ ಇದು ಐದು ನಿಮಿಷದ ಕೆಲಸ, ಕೋರ್ಟಿನಲ್ಲಿ ವರ್ಷಗಟ್ಟಲೆ.

5. ಗಾಡಿಯ ಮೇಲೆ ಬ್ಯಾಂಕಿನ ಅಥವಾ ಸಂಘದ ಸಾಲವಿದ್ದರೆ ಸಾಲ ಕೊಟ್ಟವರ ಲಿಖಿತ ಒಪ್ಪಿಗೆ ಪಡೆಯಿರಿ. ಕಂತಿನ ಮೇಲೆ ಕೊಂಡ ಗಾಡಿಗೆ ಕಾಯ್ದೆಯಲ್ಲಿಯೇ ಈ ಮಾತಿದೆ.

6. ಮಾರ್ಪಾಡು ಆದ ಮೇಲೆ 14 ದಿನಗಳೊಳಗೆ ಆರ್.ಸಿ. ಮತ್ತು ಶುಲ್ಕದೊಡನೆ ನೋಂದಣಿ ಅಧಿಕಾರಿಗೆ ತಿಳಿಸತಕ್ಕದ್ದು. ಇನ್ಸ್‌ಪೆಕ್ಟರು ನಂಬರು ನೋಡಿ ದಾಖಲಿಸಿದ ಮೇಲೆ ಹೊಸ ಹೊಗೆ ತಪಾಸಣೆ ಮಾಡಿಸಿ.

7. ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸಿ, ಪಾಲಿಸಿಯಲ್ಲಿಯೂ ಹೊಸ ನಂಬರು ಸೇರಿಸಿಕೊಳ್ಳಿ.

ತಪ್ಪಿದರೆ ಏನಾಗುತ್ತದೆ?

2019ರ ತಿದ್ದುಪಡಿಯ ಮೇಲೆ ಒಪ್ಪಿಗೆಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಸಜೆ, ಅಥವಾ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ವಿಧಿಸಬಹುದು. ವಾಯುಮಾಲಿನ್ಯದ ಮಿತಿ ಮೀರಿದರೆ ಕೇಂದ್ರ ಕಾಯ್ದೆಯಲ್ಲಿ ಹತ್ತು ಸಾವಿರದವರೆಗೆ ದಂಡಕ್ಕೆ ಅವಕಾಶವಿದೆ.

ದಂಡವಾದರೂ ಕಟ್ಟಿ ಮುಗಿಸಬಹುದು. ದೊಡ್ಡ ಭಯ ಅಪಘಾತದ್ದು. ಸುಗ್ಗಿಯಲ್ಲಿ ನಾಲ್ಕಾರು ಆಳುಗಳನ್ನು ಕೂರಿಸಿಕೊಂಡು ಘಟ್ಟದ ದಾರಿಯಲ್ಲಿ ಹೋಗುವ ಗಾಡಿ ನಮ್ಮದು. ಏನಾದರೂ ಆದರೆ ವಿಮಾ ಕಂಪನಿಯ ಸರ್ವೇಯರು ಮೊದಲು ನೋಡುವುದು ಎಂಜಿನ್ ಮತ್ತು ಚಾಸಿ ನಂಬರು. ಅವು ಪಾಲಿಸಿಗೆ ತಾಳೆಯಾಗದಿದ್ದರೆ ಪರಿಹಾರಕ್ಕೆ ತಕರಾರು ನಿಶ್ಚಿತ. ಒಂದೆರಡು ಎಕರೆ ತೋಟವಿರುವವನಿಗೆ ಆ ಪರಿಹಾರದ ಮೊತ್ತ ತೋಟದ ಬೆಲೆಯನ್ನೇ ಮುಟ್ಟಬಹುದು. ಇಪ್ಪತ್ತು ಮೂವತ್ತು ಸಾವಿರದ ಉಳಿತಾಯಕ್ಕೆ ಇಷ್ಟು ದೊಡ್ಡ ಜೂಜು ಆಡಬೇಕೆ ಎಂಬುದನ್ನು ಪ್ರತಿಯೊಬ್ಬರೂ ಮನೆಯವರೊಡನೆ ಕುಳಿತು ಯೋಚಿಸಬೇಕು.

ಇನ್ನು ಬಿಳಿ ಬೋರ್ಡಿನ ಗಾಡಿಗೆ 15 ವರ್ಷ ತುಂಬಿದಾಗ, ಆಮೇಲೆ ಐದು ವರ್ಷಕ್ಕೊಮ್ಮೆ, ನೋಂದಣಿ ನವೀಕರಣಕ್ಕೆ ಗಾಡಿಯನ್ನು ಅಧಿಕಾರಿಯ ಮುಂದೆ ನಿಲ್ಲಿಸಲೇಬೇಕು. ಬಾಡಿಗೆಯ ಪಿಕಪ್ಪಿಗೆ ಎಂಟು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ಎಫ್.ಸಿ. ಇದೆ. ಇಂದು ಮುಚ್ಚಿಟ್ಟದ್ದು ಅಂದು ಬಯಲಾಗುತ್ತದೆ. ಮಾರಲು ಹೋದಾಗಲೂ ನಂಬರು ತಾಳೆಯಾಗದ ಗಾಡಿಯನ್ನು ಕೊಳ್ಳುವವರು ಗುಜರಿಯವರೇ.

ಈಗಾಗಲೇ ಬದಲಾಯಿಸಿದವರು

ಹಾಕಿದ್ದು ಅದೇ ಮಾದರಿಯ ಎಂಜಿನ್ ಆಗಿದ್ದು ಬರೆಸುವುದು ಮಾತ್ರ ಉಳಿದಿದ್ದರೆ ತಡಮಾಡದೆ ಬಿಲ್ಲು ಸಮೇತ ಅರ್ಜಿ ಕೊಡಿ. ತಡವಾದುದಕ್ಕೆ ದಂಡ ಬಿದ್ದರೂ ಕಟ್ಟಿ ಕಾಗದ ಸರಿಮಾಡಿಕೊಳ್ಳುವುದೇ ಲೇಸು. ಬೇರೆ ಮಾದರಿಯದಾಗಿದ್ದು ಹಳೆಯ ಎಂಜಿನ್ ಇನ್ನೂ ಕೊಟ್ಟಿಗೆಯಲ್ಲಿ ಬಿದ್ದಿದ್ದರೆ, ಅದನ್ನು ಗುಜರಿಗೆ ಹಾಕಬೇಡಿ. ರಿಪೇರಿ ಮಾಡಿಸಿ ಮತ್ತೆ ಕೂಡಿಸಿದರೆ ಗಾಡಿ ಆರ್.ಸಿ.ಗೆ ಸರಿಹೊಂದುತ್ತದೆ. ಅದೂ ಸಾಧ್ಯವಿಲ್ಲದಿದ್ದರೆ ಗಾಡಿಯನ್ನು ರಸ್ತೆಗೆ ತರದೆ, ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಟ್ಟು ಪ್ರಮಾಣಪತ್ರ ಪಡೆದು ಆರ್.ಸಿ. ರದ್ದು ಮಾಡಿಸುವುದೊಂದೇ ದಾರಿ.

ಎಂಜಿನ್ ಕೆಲಸಕ್ಕೆ ಕೈಹಾಕುವ ಸದಸ್ಯರು ಮಿಸ್ತ್ರಿಗೆ ಮುಂಗಡ ಕೊಡುವ ಮೊದಲು ಆರ್.ಸಿ. ಮತ್ತು ವಿಮಾ ಪಾಲಿಸಿಯ ಪ್ರತಿಯನ್ನು ಸಂಘದ ಕಚೇರಿಗೆ ತಂದು ತೋರಿಸಬೇಕೆಂದು ವಿನಂತಿ. ಅರ್ಜಿ ಬರೆಯಲು ಕಚೇರಿಯಿಂದ ಸಹಾಯ ಮಾಡಲಾಗುವುದು.

— ಕಾರ್ಯದರ್ಶಿ