ಊರ ಕಡಲಲ್ಲಿ ಒಂದು ಬೆಳಿಗ್ಗೆ

16 ವರ್ಷದಿಂದ ದುಬೈನಲ್ಲಿ ಲೆಕ್ಕ ಬರೆಯುವ ನಾವು ಹುಟ್ಟಿದ್ದು ಮೂಲ್ಕಿಯಲ್ಲಿ. ಆದರೂ ಊರ ಕಡಲಿಗೆ ಮೊಣಕಾಲಿಗಿಂತ ಆಚೆ ಇಳಿದವರಲ್ಲ. "ಕಡಲನ್ನು ನಂಬ್ಬೇಡ ಮಗಾ" ಅಂತ ಅಮ್ಮ ಹೇಳಿದ್ದು ತಲೆಯಲ್ಲಿ ಕೂತಿತ್ತು. ಈ ಡಿಸೆಂಬರ್ ರಜೆಯಲ್ಲಿ ಮಗಳು ಹಠ ಹಿಡಿದಳು, ಸರ್ಫಿಂಗ್ ಕಲಿಯಬೇಕು, ಅಪ್ಪನೂ ಇಳಿಯಬೇಕು. ಬಪ್ಪನಾಡು ದೇವಸ್ಥಾನಕ್ಕೆ ಹೋಗ್ತೇವೆ ಅಂತ ಅಮ್ಮನಿಗೆ ಸುಳ್ಳು ಹೇಳಿ ಹೊರಟೆವು.

ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಸಸಿಹಿತ್ಲು, ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನಡೆದ ತೀರ. ಮೊದಲ ಅರ್ಧ ಗಂಟೆ ಪಾಠವೆಲ್ಲ ಮರಳಲ್ಲೇ. ಹಲಗೆ ಮೇಲೆ ಬೋರಲು ಮಲಗಿ ಕೈಯಿಂದ ನೀರು ಹುಟ್ಟು ಹಾಕುವುದು, ಎದೆ ಎತ್ತಿ ಒಂದೇ ಸಲಕ್ಕೆ ಪಾದ ಊರುವುದು. 40 ದಾಟಿದ ಸೊಂಟಕ್ಕೆ ಅಷ್ಟೇ ಸಾಕಾಯ್ತು! ಕಲಿಸುವ ಹುಡುಗ ಮೀನುಗಾರರ ಮನೆಯವನು. ಹಲಗೆಯ ಹಗ್ಗವನ್ನು ಕಾಲಿಗೆ ಕಟ್ಟಿ ಹೇಳಿದ: "ಸೆಳೆತಕ್ಕೆ ಸಿಕ್ಕಿದ್ರೆ ಎದುರು ಈಜ್ಬೇಡಿ ಅಣ್ಣ. ಹಲಗೆ ಬಿಡದೆ ದಡದ ಉದ್ದಕ್ಕೆ ಸರೀರಿ. ಬಿದ್ದು ಏಳುವಾಗ ತಲೆಗೆ ಕೈ ಅಡ್ಡ ಇರ್ಲಿ."

ಸೊಂಟಮಟ್ಟದ ನೊರೆಯಲ್ಲಿ ಬಿದ್ದದ್ದು ಹನ್ನೊಂದು ಸಲ (ಲೆಕ್ಕ ಇಡದೆ ನಮಗೆ ಆಗುವುದಿಲ್ಲ). ಮಗಳು ಮೂರನೇ ಸಲಕ್ಕೇ ನಿಂತಿದ್ದಳು. "ಕಾಲು ನೋಡ್ಬೇಡಿ, ದಡ ನೋಡಿ" ಅಂತ ಹುಡುಗ ಕೂಗಿದ. ನೋಡಿದೆವು. ತೆಂಗಿನ ಸಾಲು ನಮ್ಮ ಕಡೆಗೇ ಬರುತ್ತಿತ್ತು. ಮೂರು ಸೆಕೆಂಡ್ ಇರಬಹುದು.

ಮಳೆಗಾಲದಲ್ಲಿ ಮಾತ್ರ ಈ ಸಾಹಸ ಬೇಡ, ಆಗಿನ ಕಡಲೇ ಬೇರೆ.

ಮನೆಗೆ ಬಂದಾಗ ಅಮ್ಮ ಮೊಮ್ಮಗಳ ಒದ್ದೆ ಜಡೆ ಮುಟ್ಟಿ ನೋಡಿದರು. ಬೈಯಲಿಲ್ಲ. "ನೀರು ಎಷ್ಟು ಆಳ ಇತ್ತು?" ಅಂದರು.