ಪಹಣಿಯ ಕೀಲಿ

ನಿಘಂಟನ್ನು ತೆರೆಯುವವನ ಬಳಿ ಒಂದು ಪದವಿರುತ್ತದೆ. ಅವನಿಗೆ ಬೇಕಾದುದು ಅದರ ಅರ್ಥ. ಪದವು ಕೀಲಿಯಾದರೆ, ಅರ್ಥವು ಆ ಕೀಲಿಯಿಂದ ತೆರೆಯುವ ಪೆಟ್ಟಿಗೆಯೊಳಗಿನ ವಸ್ತು. ಗಣಕಯಂತ್ರದ ಶಾಸ್ತ್ರದಲ್ಲಿಯೂ ಕೀಲಿಪದಗಳನ್ನೂ ಅವುಗಳ ಮೌಲ್ಯಗಳನ್ನೂ ಜೊತೆಗೂಡಿಸಿಟ್ಟ ದಾಖಲೆಯನ್ನು ನಿಘಂಟು ಎಂದೇ ಕರೆಯುತ್ತಾರೆ. ಇಂತಹ ಅನೇಕ ನಿಘಂಟುಗಳನ್ನು ಸಾಲಾಗಿ ಜೋಡಿಸಿದರೆ ಅದು ನಿಘಂಟುಗಳ ಪಟ್ಟಿಯಾಗುತ್ತದೆ.

ರೈತರ ಪಹಣಿಯು ಇದಕ್ಕೆ ಉತ್ತಮ ನಿದರ್ಶನ. ಅದರಲ್ಲಿ ತಾಲೂಕು, ಗ್ರಾಮ, ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ, ಸ್ವಾಧೀನದಾರರ ಹೆಸರು, ಬೆಳೆ ಎಂಬ ಕೀಲಿಪದಗಳಿವೆ. ಒಂದೊಂದಕ್ಕೂ ಒಂದೊಂದು ಮೌಲ್ಯವಿದೆ. ಕರ್ನಾಟಕ ಸರಕಾರದ ‘ಭೂಮಿ’ ಯೋಜನೆಯು ಇಂತಹ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಅಳವಡಿಸಿತು.

ರೈತನೊಬ್ಬನು ಅಡಿಕೆ ತೋಟದ ಮೇಲೆ ಸಾಲ ಪಡೆಯಲು 12ನೆಯ ಸರ್ವೆ ನಂಬರಿನ ಪಹಣಿಯನ್ನು ಕೇಳಿದನೆಂದು ಭಾವಿಸೋಣ. ಹುಡುಕುವ ಅತಿ ಸರಳವಾದ ವಿಧಾನವೆಂದರೆ, ಪಟ್ಟಿಯ ಒಂದೊಂದೇ ದಾಖಲೆಯನ್ನು ತೆರೆದು, ‘ಸರ್ವೆ ನಂಬರು’ ಎಂಬ ಕೀಲಿಪದಕ್ಕೆ 12 ಎಂಬ ಮೌಲ್ಯವಿದೆಯೇ ಎಂದು ನೋಡುತ್ತ ಸಾಗುವುದು. ಆದರೆ ಮೊದಲು ಹೊಂದಿದ ದಾಖಲೆಯಲ್ಲಿಯೇ ನಿಂತುಬಿಟ್ಟರೆ ಅನರ್ಥವಾದೀತು. ಸರ್ವೆ ನಂಬರುಗಳು ಪ್ರತಿಯೊಂದು ಗ್ರಾಮದಲ್ಲಿಯೂ ಒಂದರಿಂದಲೇ ಆರಂಭವಾಗುತ್ತವೆ. ಆಲಂಕಾರಿನಲ್ಲಿಯೂ 12 ಇರಬಹುದು, ಸುಬ್ರಹ್ಮಣ್ಯದಲ್ಲಿಯೂ ಇರಬಹುದು. ಒಬ್ಬನು ಬೆವರು ಸುರಿಸಿ ಬೆಳೆಸಿದ ತೋಟಕ್ಕೆ ಬದಲಾಗಿ ಮತ್ತೊಬ್ಬನ ಗದ್ದೆಯ ದಾಖಲೆ ಕೈಸೇರಬಹುದು. ಆದುದರಿಂದ ಗ್ರಾಮ, ಸರ್ವೆ ನಂಬರು, ಹಿಸ್ಸಾ ಇವು ಮೂರೂ ಹೊಂದಬೇಕು. ಪಾಲಾಗದ ಜಮೀನಿಗೆ ಹಿಸ್ಸಾ ಸಂಖ್ಯೆಯೇ ಇರದಿರಬಹುದು. ಆದಕಾರಣ ಕೀಲಿಪದಕ್ಕೆ ಮೌಲ್ಯವಿದೆಯೇ ಎಂಬುದನ್ನೂ ಮೊದಲು ಪರೀಕ್ಷಿಸಬೇಕಾಗುತ್ತದೆ.

ಮೌಲ್ಯಗಳು ಕಾಲಕ್ಕೆ ತಕ್ಕಂತೆ ಬದಲಾಗುವುದೂ ಉಂಟು. 2018ರಲ್ಲಿ ಕಡಬ ತಾಲೂಕು ಅಸ್ತಿತ್ವಕ್ಕೆ ಬಂದಿತು. ಅದಕ್ಕೆ ಮುಂಚೆ ಕಡಬವು ಪುತ್ತೂರು ತಾಲೂಕಿಗೂ ಸುಬ್ರಹ್ಮಣ್ಯವು ಸುಳ್ಯ ತಾಲೂಕಿಗೂ ಸೇರಿದ್ದವು. ತೋಟವು ಇದ್ದಲ್ಲಿಯೇ ಇದೆ. ‘ತಾಲೂಕು’ ಎಂಬ ಕೀಲಿಪದದ ಮೌಲ್ಯ ಮಾತ್ರ ಬದಲಾಗಿದೆ. ಇದನ್ನರಿಯದೆ ಸುಬ್ರಹ್ಮಣ್ಯದ ಜಮೀನನ್ನು ಇಂದು ಸುಳ್ಯದ ಪಟ್ಟಿಯಲ್ಲಿ ಹುಡುಕಿದವನಿಗೆ ಅದು ದೊರೆಯದು. ದೊರೆಯಲಿಲ್ಲವೆಂದ ಮಾತ್ರಕ್ಕೆ ಜಮೀನೇ ಇಲ್ಲವೆಂದು ಹೇಳಬಹುದೇ?

ಕೋಟಿಗಟ್ಟಲೆ ದಾಖಲೆಗಳನ್ನು ಪ್ರತಿ ಸಲವೂ ಮೊದಲಿನಿಂದ ತೆರೆಯುತ್ತ ಹೋಗುವುದು ವ್ಯರ್ಥಶ್ರಮ. ನಿಘಂಟಿಗೆ ಅಕಾರಾದಿ ಕ್ರಮವಿರುವಂತೆ, ಯಾವ ಕೀಲಿಗೆ ಯಾವ ದಾಖಲೆ ಎಂಬ ಸೂಚಿಯನ್ನು ಮೊದಲೇ ಸಿದ್ಧಪಡಿಸಿಟ್ಟರೆ ಯಂತ್ರವು ಕ್ಷಣಾರ್ಧದಲ್ಲಿ ಉತ್ತರವನ್ನು ಕೊಡುತ್ತದೆ. ಆದರೆ ಯಂತ್ರವು ಕೇಳಿದುದನ್ನಷ್ಟೇ ಹುಡುಕಬಲ್ಲದು. ಸರಿಯಾದ ಕೀಲಿಯನ್ನು ಆರಿಸುವ ವಿವೇಕ ಮನುಷ್ಯನದೇ ಆಗಿರಬೇಕು.