ಮೊಲಕ್ಕೂ ಗುರಿಗೂ ಒಂದೇ ಬಂದೂಕೆ?

ಕಬ್ಬು ಕಡಿಯುವ ಕಾಲದಲ್ಲಿ ಗೋಕಾಕ ಸೀಮೆಯ ಮಮದಾಪುರದಂಥ ಊರಿಗೆ ಹೋಗಿ, ಸಂಜೆಯ ಹೊತ್ತು ಚಹಾದಂಗಡಿಯ ಕಟ್ಟೆಯ ಮೇಲೆ ಕುಳಿತವನಿಗೆ, ಹೇರು ಹೊತ್ತ ಟ್ರ್ಯಾಕ್ಟರುಗಳ ಸಾಲಿನಷ್ಟೇ ನಿರಂತರವಾಗಿ ಮಾತೂ ಸಾಗಿಬರುತ್ತದೆ. ಮಳೆಯಿಂದ ತೊಡಗಿ ಫ್ಯಾಕ್ಟರಿಯ ಬಿಲ್ಲಿಗೆ, ಬಿಲ್ಲಿನಿಂದ ಒಲಿಂಪಿಕ್ಸಿಗೆ ಆ ಮಾತು ದಾಟುವುದರಲ್ಲಿ ಯಾವ ಅಸಹಜತೆಯೂ ಅಲ್ಲಿಯವರಿಗೆ ಕಾಣದು. ಹಾಗೆ ಕುಳಿತಿದ್ದ ಒಂದು ಸಂಜೆ ತರುಣನೊಬ್ಬನು ನನ್ನ ಪಕ್ಕದಲ್ಲಿದ್ದ ಹಿರಿಯರನ್ನು ಕೇಳಿದನು: “ಕಾಕಾ, ಆ ಕೊಲ್ಲಾಪುರದ ಹುಡುಗ ಒಲಿಂಪಿಕ್ಸಿನ್ಯಾಗ ಹೊಡದ್ನಲ್ಲರಿ, ಅಂಥಾ ಬಂದೂಕ ಒಂದ ತಗೊಂಡ್ರ ಹೆಂಗ್ರಿ? ಮೆಡಲ್ಲೂ ಹೊಡೀಬಹುದು, ಕಬ್ಬಿನ ಹೊಲದಾಗ ಮೊಲಾನೂ ಹೊಡೀಬಹುದು.” ಹಿರಿಯರು ಬಸಿಯಲ್ಲಿನ ಚಹವನ್ನು ಮುಗಿಸಿ, “ಮೊಲಾ ಹೊಡದ್ರ ಕೊರಳಿಗೆ ಮೆಡಲ್ ಅಲ್ಲೋ ತಮ್ಮಾ, ಕೈಗೆ ಬೇಡಿ ಬೀಳ್ತಾವ” ಎಂದರು. ಎಲ್ಲರೂ ನಕ್ಕರು, ಪ್ರಶ್ನೆ ಮಾತ್ರ ಹಾಗೆಯೇ ಉಳಿಯಿತು.

ತರುಣನು ಹೇಳಿದ ಹುಡುಗ ಸ್ವಪ್ನಿಲ್ ಕುಸಾಳೆ. ನಮ್ಮ ಗಡಿಯ ಆಚೆಗೆ, ಕೊಲ್ಲಾಪುರ ಜಿಲ್ಲೆಯ ರಾಧಾನಗರಿ ತಾಲೂಕಿನ ಕಾಂಬಳವಾಡಿಯವನು. 2024ರ ಆಗಸ್ಟ್ 1ರಂದು, ಪ್ಯಾರಿಸ್ ಒಲಿಂಪಿಕ್ಸಿನ ಶೂಟಿಂಗ್ ಸ್ಪರ್ಧೆಗಳು ನಡೆದ ಶಾತೊರೂ ಎಂಬಲ್ಲಿ, 50 ಮೀಟರ್ ರೈಫಲ್ ತ್ರಿಭಂಗಿ ಸ್ಪರ್ಧೆಯಲ್ಲಿ 451.4 ಅಂಕ ಗಳಿಸಿ ಕಂಚಿನ ಪದಕ ಪಡೆದನು. ಆ ಸ್ಪರ್ಧೆಯಲ್ಲಿ ಭಾರತಕ್ಕೆ ಒಲಿಂಪಿಕ್ ಪದಕ ಬಂದುದು ಅದೇ ಮೊದಲು. ಅದೇ ಕೊಲ್ಲಾಪುರದ ತೇಜಸ್ವಿನಿ ಸಾವಂತ್ 2010ರಲ್ಲಿ ಮ್ಯೂನಿಕ್ಕಿನ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಿ 50 ಮೀಟರ್ ದೂರಕ್ಕೆ ಮಲಗಿ ಹೊಡೆಯುವ ಸ್ಪರ್ಧೆಯಲ್ಲಿ 600ಕ್ಕೆ 597 ಅಂಕ ಪಡೆದು ಚಿನ್ನ ಗೆದ್ದಿದ್ದಳು. ಇವರಿಬ್ಬರ ಕೈಯಲ್ಲಿದ್ದುದೂ, ನಮ್ಮ ಕಾಲೇಜುಗಳ ಎನ್‌ಸಿಸಿ ಹುಡುಗರು ಶಿಬಿರದಲ್ಲಿ 25 ಗಜ ದೂರದ ಹಲಗೆಗೆ ಹೊಡೆದು ‘ಪಾಯಿಂಟ್ ಟು ಟು’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವುದೂ ಒಂದೇ ಜಾತಿಯ ಆಯುಧ, ಎಂದರೆ .22 ರಿಮ್‌ಫೈರ್ ರೈಫಲು.

ರಿಮ್ ಎಂದರೆ ಅಂಚು. ದೊಡ್ಡ ಬಂದೂಕುಗಳ ತೋಟಾದಲ್ಲಿ ಸಿಡಿಮದ್ದಿನ ಚಿಕ್ಕ ಬಟ್ಟಲು ಬುಡದ ನಟ್ಟನಡುವೆ ಕೂತಿರುತ್ತದೆ. ಈ ಪುಟ್ಟ ತೋಟಾದಲ್ಲಾದರೋ ಹಿತ್ತಾಳೆಯ ಬುಡವನ್ನು ಹೊರಕ್ಕೆ ಮಡಿಚಿ, ಆ ಮಡಿಕೆಯ ಟೊಳ್ಳಿನಲ್ಲಿಯೇ ಸಿಡಿಮದ್ದನ್ನು ಸುತ್ತಲೂ ಹರಡಿರುತ್ತಾರೆ. ಕುದುರೆ ಎಳೆದಾಗ ಮುಳ್ಳು ಬಂದು ಅಂಚನ್ನು ಜಜ್ಜುತ್ತದೆ, ಮದ್ದು ಹೊತ್ತಿಕೊಳ್ಳುತ್ತದೆ. ಜಜ್ಜಿಸಿಕೊಳ್ಳಬೇಕಾದ್ದರಿಂದ ಹಿತ್ತಾಳೆ ತೆಳ್ಳಗಿರಲೇಬೇಕು. ತೆಳ್ಳಗಿರುವುದರಿಂದ ಹೆಚ್ಚಿನ ಒತ್ತಡವನ್ನು ತಾಳದು. ತಾಳದ ಕಾರಣದಿಂದಲೇ ಈ ತೋಟಾ ಎಂದಿಗೂ ಚಿಕ್ಕದಾಗಿಯೇ, ಅಗ್ಗವಾಗಿಯೇ, ಹೆಗಲಿಗೆ ಒದೆ ಕೊಡದಷ್ಟು ಸೌಮ್ಯವಾಗಿಯೇ ಉಳಿದಿದೆ. ಒಮ್ಮೆ ಹಾರಿದ ಮೇಲೆ ಅದರ ಕೋಶವನ್ನು ಮತ್ತೆ ತುಂಬಿ ಬಳಸುವಂತಿಲ್ಲ.

ಅಮೆರಿಕದ ಸ್ಮಿತ್ ಅಂಡ್ ವೆಸನ್ ಎಂಬವರು .22 ತೋಟಾದ ಮೊದಲ ರೂಪವನ್ನು ಒಂದು ಚಿಕ್ಕ ರಿವಾಲ್ವರಿಗಾಗಿ ಹೊರತಂದುದು 1857ರಲ್ಲಿ. ಆ ಇಸವಿಯನ್ನು ಓದಿದಾಗ ಈ ಸೀಮೆಯವನಿಗೆ ಬೇರೊಂದು ಬಂದೂಕಿನ ಕಥೆ ನೆನಪಾಗದಿರದು. ಅದೇ 1857ರ ನವೆಂಬರಿನಲ್ಲಿ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು, ನಿಶ್ಶಸ್ತ್ರೀಕರಣದ ಕಾಯಿದೆಗೆ ಮಣಿದು ತಮ್ಮ ಆಯುಧಗಳನ್ನು ಒಪ್ಪಿಸಲು ನಿರಾಕರಿಸಿದರು; ಇಂಗ್ಲಿಷರ ಸೈನ್ಯ ಬಂದು ಊರಿಗೆ ಬೆಂಕಿಯಿಟ್ಟಿತು, ಮುಂದಾಳುಗಳನ್ನು ಗಲ್ಲಿಗೇರಿಸಿತು. ಜಡಗ, ಬಾಲರ ಹೆಸರು ಲಾವಣಿಯ ಬಾಯಲ್ಲಿ ಉಳಿಯಿತು. ಆಯುಧವನ್ನು ಯಾರು ಇಟ್ಟುಕೊಳ್ಳಬೇಕು, ಯಾರ ಅಪ್ಪಣೆಯಿಂದ ಎಂಬ ಪ್ರಶ್ನೆ ಈ ನೆಲಕ್ಕೆ ಪುಸ್ತಕದಿಂದ ಬಂದುದಲ್ಲ.

ಇಂದು ಲೋಕದಲ್ಲೆಲ್ಲ ಬಳಕೆಯಲ್ಲಿರುವ .22 ಲಾಂಗ್ ರೈಫಲ್ ತೋಟಾ ಹುಟ್ಟಿದ್ದು 1887ರಲ್ಲಿ. ಅದರ ಸೀಸದ ಗುಂಡಿನ ತೂಕ ಸುಮಾರು ಎರಡೂವರೆ ಗ್ರಾಮು. ಸ್ಪರ್ಧೆಗೆ ಬಳಸುವ ತೋಟಾಗಳಲ್ಲಿ ಗುಂಡಿನ ವೇಗ ಬೇಕೆಂದೇ ಶಬ್ದದ ವೇಗಕ್ಕಿಂತ ತುಸು ಕೆಳಗೆ, ಸೆಕೆಂಡಿಗೆ 330 ಮೀಟರಿನ ಆಸುಪಾಸಿನಲ್ಲಿರುತ್ತದೆ. ಏಕೆಂದರೆ ಶಬ್ದವನ್ನು ಮೀರಿ ಹೊರಟ ಗುಂಡು ದಾರಿಯಲ್ಲಿ ನಿಧಾನವಾಗಿ ಆ ಮೇರೆಯನ್ನು ಮತ್ತೆ ದಾಟುವಾಗ ಗಾಳಿಯ ಕಂಪನಕ್ಕೆ ಸಿಕ್ಕಿ ಅಲುಗುತ್ತದೆ. ಐವತ್ತು ಮೀಟರಿಗೆ ಗುರಿ ಸರಿಪಡಿಸಿದ ಇಂಥ ರೈಫಲಿನಿಂದ ನೂರು ಮೀಟರಿಗೆ ಹೊಡೆದರೆ ಗುಂಡು ಹೆಚ್ಚುಕಡಿಮೆ ಒಂದು ಗೇಣು ಕೆಳಗೆ ಬೀಳುತ್ತದೆ. ಇನ್ನು ಗಾಳಿ: 50 ಮೀಟರ್ ಸ್ಪರ್ಧೆಯ ಹತ್ತು ಅಂಕದ ವೃತ್ತದ ವ್ಯಾಸ ಕೇವಲ 10.4 ಮಿಲಿಮೀಟರ್, ನಮ್ಮ ಆಷಾಢದ ಗಾಳಿ ಅಡ್ಡಲಾಗಿ ಬೀಸಿದರೆ ಹತ್ತಕ್ಕೆ ಹೊರಟ ಗುಂಡನ್ನು ಎಂಟಕ್ಕೆ ತಳ್ಳುವುದು ಅದಕ್ಕೆ ಕಷ್ಟದ ಕೆಲಸವಲ್ಲ.

ಹಾಗಾದರೆ ರೈಫಲನ್ನು ಆರಿಸುವುದು ಹೇಗೆ? ಕಂಪನಿಯ ಹೆಸರಿನಿಂದ ಆರಂಭಿಸುವವರೇ ಹೆಚ್ಚು. ಜರ್ಮನಿಯ ಆನ್‌ಶುಟ್ಜ್, ವಾಲ್ಥರ್, ಫೈನ್‌ವರ್ಕ್‌ಬೌ ಎಂಬ ಹೆಸರುಗಳು ಸ್ಪರ್ಧಾಳುಗಳ ನಾಲಗೆಯ ಮೇಲೆ ಸದಾ ಇರುತ್ತವೆ. ಅವು ನಿಜಕ್ಕೂ ಉತ್ತಮವಾದವುಗಳೇ. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬ ಹಠ ಈ ವಿಷಯದಲ್ಲಿ ಇರುವಷ್ಟು ಬೇರೆಡೆ ಅಪರೂಪ. ನನ್ನ ಅಭಿಪ್ರಾಯದಲ್ಲಿ ಮೊದಲು ಅಳೆಯಬೇಕಾದದ್ದು ರೈಫಲನ್ನಲ್ಲ, ಅದನ್ನು ಹಿಡಿಯುವ ದೇಹವನ್ನು. ಹಿಂಬದಿಯ ದಿಮ್ಮಿ ಹೆಗಲಿಗೆ ತಾಗಿದಾಗ ಬೆರಳು ಕುದುರೆಯನ್ನು ಎಟುಕಿಸಿಕೊಳ್ಳಲು ಕೈ ಚಾಚಬೇಕಾಗಬಾರದು, ಮುದುಡಲೂಬಾರದು. ಕೆನ್ನೆಯನ್ನು ದಿಮ್ಮಿಯ ಮೇಲೆ ಇರಿಸಿದಾಗ ಕಣ್ಣು ತಾನಾಗಿಯೇ ಗುರಿನೋಟದ ರಂಧ್ರಕ್ಕೆ ನೇರವಾಗಿ ಬರಬೇಕು, ಕುತ್ತಿಗೆಯನ್ನು ನೀಡಿ ಹುಡುಕುವಂತಿರಬಾರದು. ಸ್ಪರ್ಧೆಯ ರೈಫಲುಗಳ ದಿಮ್ಮಿಯಲ್ಲಿ ಉದ್ದ, ಎತ್ತರ, ಕೆನ್ನೆಯ ಆಸರೆ ಎಲ್ಲವನ್ನೂ ತಿರುಪಿನಿಂದ ಹೊಂದಿಸಿಕೊಳ್ಳಲು ಬರುವುದು ಇದಕ್ಕಾಗಿಯೇ. ಎಡಗೈಯವನು ಬಲಗೈಯ ರೈಫಲನ್ನು ಕೊಂಡು ಹೇಗೋ ಹೊಂದಿಕೊಂಡೇನೆಂದುಕೊಳ್ಳುವುದು ಇತರರ ಚಪ್ಪಲಿಯಲ್ಲಿ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ನಡೆದಂತೆ.

ಎರಡನೆಯದು ಕುದುರೆ. ಅದನ್ನು ಎಳೆಯುವ ಭಾರ ಹಗುರವಾಗಿರುವುದಕ್ಕಿಂತ, ಪ್ರತಿ ಸಲವೂ ಒಂದೇ ತೆರನಾಗಿರುವುದು ಮುಖ್ಯ. ಎಲ್ಲಿ ಬಿಡುತ್ತದೆಂದು ಬೆರಳಿಗೆ ಮೊದಲೇ ಗೊತ್ತಿರಬೇಕು. ಮೂರನೆಯದಾಗಿ ತೂಕ. ನಿಯಮದಂತೆ 50 ಮೀಟರ್ ಸ್ಪರ್ಧೆಯ ರೈಫಲು 8 ಕಿಲೋಗ್ರಾಮನ್ನು ಮೀರುವಂತಿಲ್ಲ. ಆದರೆ ಎನ್‌ಸಿಸಿಯ ರೈಫಲಿನ ತೂಕ ಅದರ ಅರ್ಧವೂ ಇಲ್ಲ. ಭಾರ ನಡುಕವನ್ನು ನುಂಗುತ್ತದೆಂಬುದು ನಿಜ, ಆದರೆ ಹೊತ್ತು ಸುಸ್ತಾದವನಲ್ಲಿ ಅದೇ ಭಾರ ನಡುಕವನ್ನು ಹುಟ್ಟಿಸುತ್ತದೆಂಬುದೂ ಅಷ್ಟೇ ನಿಜ. ಇದೆಲ್ಲ ಆದ ಮೇಲೆ ನಳಿಗೆ. ಹಳೆಯ ರೈಫಲನ್ನು ಕೊಳ್ಳುವವನು ಮೊದಲು ನೋಡಬೇಕಾದದ್ದು ನಳಿಗೆಯ ಬಾಯಿಯ ಅಂಚು. ಉಕ್ಕಿನ ಕಡ್ಡಿಯಿಂದ ಅಜಾಗರೂಕವಾಗಿ ಒರೆಸಿ ಒರೆಸಿ ಅದು ಸವೆದಿದ್ದರೆ, ಒಳಗಿನ ಸುರುಳಿಗೀರುಗಳು ಎಷ್ಟೇ ಹೊಳೆಯುತ್ತಿರಲಿ, ಗುಂಡು ಹೊರಡುವ ಗಳಿಗೆಯಲ್ಲಿ ದಾರಿ ತಪ್ಪುತ್ತದೆ. ಕೊನೆಗೆ ತೋಟಾ. ಒಂದೇ ಕಾರ್ಖಾನೆಯ ಎರಡು ರೈಫಲುಗಳು ಒಂದೇ ತೋಟಾವನ್ನು ಒಪ್ಪಬೇಕೆಂದಿಲ್ಲ. ಬೇರೆ ಬೇರೆ ಪೆಟ್ಟಿಗೆಗಳಿಂದ ಹತ್ತು ಹತ್ತು ಗುಂಡು ಹಾರಿಸಿ, ಯಾವುದರ ತೂತುಗಳು ಒತ್ತಾಗಿ ಬೀಳುತ್ತವೆಂದು ನೋಡಿ, ಅದೇ ತಯಾರಿಕೆಯದನ್ನು ಕೂಡಿಡುವುದು ಅನುಭವಿಗಳ ಪದ್ಧತಿ.

ಇನ್ನು ಮೊಲದ ವಿಷಯ. ಬೇಟೆಗೆ ಬಳಸುವ ರಿಮ್‌ಫೈರ್ ರೈಫಲಿನ ಗುಣಗಳು ಮೇಲೆ ಹೇಳಿದವುಗಳಿಗೆ ಬಹುಮಟ್ಟಿಗೆ ವಿರುದ್ಧ: ಎರಡೂವರೆ ಮೂರು ಕಿಲೋ ತೂಕ, ಗಿಡಗಂಟಿಗೆ ಸಿಕ್ಕದ ಗಿಡ್ಡ ನಳಿಗೆ, ಮಬ್ಬು ಬೆಳಕಿನಲ್ಲಿ ಕಾಣಿಸುವ ದುರ್ಬೀನು, ತಾಗಿದೊಡನೆ ಅರಳುವ ಟೊಳ್ಳುಮೂತಿಯ ಗುಂಡು, ಐವತ್ತು ಅರುವತ್ತು ಮೀಟರಿಗೆ ಮೀರದ ಸಂಯಮ. ಮಂಡಿಯೂರಿ, ಮಲಗಿ, ನಿಂತು ಅರುವತ್ತು ಗುಂಡು ಹಾರಿಸುವ ಸ್ಪರ್ಧೆಗೂ, ಮೈಲಿಗಟ್ಟಲೆ ನಡೆದು ಒಂದೇ ಗುಂಡು ಹಾರಿಸುವ ಬೇಟೆಗೂ ಸಮಾನವಾಗಿ ಒದಗುವ ರೈಫಲು ಮೊಲದ ಕೊಂಬಿನಂಥದು. ಅಂಥ ಬೇಟೆ ಸಲ್ಲುವ ನಾಡುಗಳು ಬೇರೆ ಇವೆ. 1859ರಲ್ಲಿ ಥಾಮಸ್ ಆಸ್ಟಿನ್ ಎಂಬಾತನು ಬೇಟೆಯ ವಿನೋದಕ್ಕೆಂದು ಇಂಗ್ಲೆಂಡಿನಿಂದ ತರಿಸಿ ವಿಕ್ಟೋರಿಯಾ ಪ್ರಾಂತದಲ್ಲಿ ಬಿಟ್ಟ ಕೆಲವೇ ಮೊಲಗಳು ಆಸ್ಟ್ರೇಲಿಯಾವನ್ನೇ ಮೇಯ್ದು ಹಾಳುಗೆಡವಿದವು. ಅವುಗಳನ್ನು ತಡೆಯಲು ಸಾವಿರಾರು ಕಿಲೋಮೀಟರ್ ಬೇಲಿ ಹಾಕಿದರು, 1950ರಲ್ಲಿ ರೋಗವನ್ನೂ ಹಬ್ಬಿಸಿದರು. ಅಲ್ಲಿಯ ಒಕ್ಕಲಿಗನಿಗೆ .22 ರೈಫಲು ನಮ್ಮವರ ಕುಡುಗೋಲಿನಂತೆ ಒಂದು ಸಾಮಾನು.

ಕನ್ನಡದಲ್ಲಿ ನಾವು ಅವರದನ್ನೂ ನಮ್ಮದನ್ನೂ ಮೊಲವೆಂದೇ ಕರೆಯುವುದರಿಂದ ಎರಡೂ ಒಂದೇ ಎಂಬ ಭ್ರಾಂತಿ ಹುಟ್ಟಿದೆ. ಅವರ ಮೊಲ ಬಿಲ ತೋಡಿ ಗುಂಪಾಗಿ ಬಾಳುವ, ಕಣ್ಣು ಬಿಡದ ಬೋಳು ಮರಿಗಳನ್ನು ಹೆರುವ ಜಾತಿ. ನಮ್ಮ ಹೊಲದ ಕಪ್ಪುಕತ್ತಿನ ಮೊಲವೋ ಬಿಲವನ್ನೇ ಅರಿಯದು. ಹುಲ್ಲಿನ ತಗ್ಗಿನಲ್ಲಿ ಒಂಟಿಯಾಗಿ ಒರಗಿರುತ್ತದೆ, ಅದರ ಮರಿ ರೋಮಸಹಿತವಾಗಿ ಕಣ್ಣು ತೆರೆದುಕೊಂಡೇ ಹುಟ್ಟುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಅದು ರಕ್ಷಿತ ಪ್ರಾಣಿ. ಬಂದೂಕಿನಿಂದಾಗಲಿ ಬಲೆಯಿಂದಾಗಲಿ ನಾಯಿಯಿಂದಾಗಲಿ ಅದನ್ನು ಬೇಟೆಯಾಡುವುದು ಅಪರಾಧ. ನಾಯಿಯ ಮಾತನ್ನು ಬೇಕೆಂದೇ ಎತ್ತಿದೆನು: ಈ ಸೀಮೆಯಲ್ಲಿ ಮೊಲದ ಬೇಟೆಯೆಂದರೆ ಬಂದೂಕಿಗಿಂತ ಹೆಚ್ಚಾಗಿ ಮುಧೋಳ ನಾಯಿಯ ಬೇಟೆಯೇ ಆಗಿತ್ತು. ಮುಧೋಳದ ಘೋರ್ಪಡೆ ಅರಸರು ಪೋಷಿಸಿ ಬೆಳೆಸಿದ, 2005ರಲ್ಲಿ ಅಂಚೆಚೀಟಿಯ ಮೇಲೆಯೂ ಬಂದ ಆ ನೀಳಕಾಲಿನ ನಾಯಿ, ಎರೆಯ ಬಯಲಿನಲ್ಲಿ ಮೊಲದ ಹಿಂದೆ ಓಡುವುದಕ್ಕಾಗಿಯೇ ಹುಟ್ಟಿದಂತಿದೆ. ಕಾಯಿದೆಯ ಮಾತು ಹಾಗಿರಲಿ, ಪುಟ್ಟದೆಂದು ತೋರುವ .22ರ ಗುಂಡು ಒಂದೂವರೆ ಮೈಲಿಯವರೆಗೂ ಹೋಗಬಲ್ಲದು, ಕಲ್ಲಿಗೆ ಬಡಿದರೆ ಪುಟಿದು ಎತ್ತಲಾದರೂ ಹಾರುವುದು. ಹೊಲಹೊಲಕ್ಕೂ ತೋಟದ ಮನೆಗಳಿರುವ ಈ ಸೀಮೆಯಲ್ಲಿ ಆ ಗುಂಡು ಯಾರ ಅಂಗಳದಲ್ಲಿ ಇಳಿದೀತು?

ಗುರಿಯ ದಾರಿಯಾದರೆ ಕಾಯಿದೆಯೇ ತೆರೆದಿಟ್ಟಿದೆ. 1959ರ ಆಯುಧ ಕಾಯಿದೆಯ 13ನೆಯ ಕಲಮು, ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯನು ಗುರಿ ಅಭ್ಯಾಸಕ್ಕೆಂದು ಬಳಸುವ .22 ರೈಫಲನ್ನು ಹೆಸರಿಸಿಯೇ ಹೇಳುತ್ತದೆ. ಬೆಳೆ ಕಾಯುವ ರೈತನಿಗೆ ಅದು ಹೇಳುವುದು ಮುಂದಿನಿಂದ ಮದ್ದು ತುಂಬುವ ನಾಡ ಬಂದೂಕನ್ನು. ಕ್ಲಬ್ಬು ಮೊದಲು, ಲೈಸೆನ್ಸು ಆಮೇಲೆ, ರೈಫಲು ಕಟ್ಟಕಡೆಗೆ. ಕೊಡವರಿಗೆ ಬ್ರಿಟಿಷರ ಕಾಲದಿಂದ ಲೈಸೆನ್ಸಿನ ವಿನಾಯಿತಿಯುಂಟು, 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಲಾಗಿದೆ. ಕೈಲ್‌ಪೊಳ್ದ್ ಹಬ್ಬದ ದಿನಗಳಲ್ಲಿ ಅವರು ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಗಳಲ್ಲಿ .22 ರೈಫಲಿಗೆ ಬೇರೆಯದೇ ವಿಭಾಗವಿರುತ್ತದೆ. ಬೇಟೆಯ ಕಾಯಿದೆಯಿಂದ ಮಾತ್ರ ಅವರಿಗೂ ವಿನಾಯಿತಿಯಿಲ್ಲ.

ಇಷ್ಟೆಲ್ಲವನ್ನೂ ಅಂದು ಸಂಜೆ ನಾನು ಹೇಳಲಿಲ್ಲ, ಮೊದಲಿಗೆ 4.5 ಮಿಲಿಮೀಟರಿನ ಏರ್ ರೈಫಲಿನಲ್ಲಿ ಹತ್ತು ಮೀಟರಿಗೆ ಕಲಿಯಬೇಕೆಂದೂ, ಕ್ಲಬ್ಬಿನ ರೈಫಲಿನಲ್ಲಿ ಕೈ ಕುದುರಿದ ಮೇಲೆಯೇ ಸ್ವಂತದ್ದನ್ನು ಯೋಚಿಸಬೇಕೆಂದೂ ಮಾತ್ರ ಹೇಳಿದೆನು. ತರುಣನು, ಅಂಗಡಿಯ ಮುಂದೆ ನಿಂತಿದ್ದ ಟ್ರ್ಯಾಕ್ಟರಿನಿಂದ ಒಂದು ಕಬ್ಬನ್ನು ಎಳೆದು, ಹೆಗಲಿಗೆ ಏರಿಸಿ, ರಸ್ತೆಯಾಚೆಯ ಲೈಟು ಕಂಬಕ್ಕೆ ಗುರಿ ಹಿಡಿದು ನಿಂತನು. ಅರ್ಧ ನಿಮಿಷವಾಗುವಷ್ಟರಲ್ಲಿ ಕಬ್ಬಿನ ಸೋಗೆ ಗಾಳಿಯಿಲ್ಲದೆಯೇ ಅಲುಗತೊಡಗಿತು. “ಮೊಣಕೈ ಪಕ್ಕಡಿಗೆ ಆನಿಸ್ಕೋ, ತಮ್ಮಾ” ಎಂದು ಹಿರಿಯರು ಎದ್ದು ಹೋಗಿ ಅವನ ತೋಳನ್ನು ಒಳಕ್ಕೆ ಒತ್ತಿದರು.